ಮಕ್ಕಳಿಗೆ ಕೊಡುವ ಆಸ್ತಿ ಮತ್ತು ಡೈವೋರ್ಸ್ ಭಯ: ಮೈಸೂರು, ಮಂಡ್ಯ ಕಡೆಯ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ದಾನಪತ್ರ, ವಿಲ್, ವಿಭಾಗ ಪತ್ರ ಬರೆಸಲು ಬರುವವರು ಎಲ್ಲಾ ಮಾತು ಮುಗಿದ ಮೇಲೆ, ಎದ್ದು ಹೊರಡುವ ಹೊತ್ತಿಗೆ, ದನಿ ತಗ್ಗಿಸಿ ಕೇಳುವ ಪ್ರಶ್ನೆಗಳಿವು. ಹೆಚ್ಚಿನ ಉತ್ತರಗಳು ಹಿಂದೂ ಕಾನೂನಿಗೆ ಒಳಪಡುವ ಕುಟುಂಬಗಳಿಗೆ. ಬೇರೆಯವರಿಗೆ ಕೆಳಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಆಸ್ತಿ ದೊಡ್ಡದಿದ್ದರೆ, ಅಥವಾ ಕೇಸು ಆಗಲೇ ಶುರುವಾಗಿದ್ದರೆ, ಇದನ್ನು ಓದಿ ಸುಮ್ಮನಾಗಬೇಡಿ, ವಕೀಲರ ಹತ್ತಿರ ಕೂತು ಮಾತಾಡಿ.

ಡೈವೋರ್ಸ್ ಆದರೆ ಮಗನ ಆಸ್ತಿಯಲ್ಲಿ ಸೊಸೆಗೆ ಅರ್ಧ ಹೋಗುತ್ತಂತೆ, ನಿಜಾನಾ?

ಇಲ್ಲ. ಗೋವಾದಲ್ಲಿ ಆ ಥರದ ಕಾನೂನಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮದುವೆಯಾದ ಮೇಲೆ ದುಡಿದದ್ದನ್ನು ಅರ್ಧರ್ಧ ಮಾಡುತ್ತಾರೆ. ಕರ್ನಾಟಕದಲ್ಲಿ ಗಂಡನ ಹೆಸರಿನ ಆಸ್ತಿ ಗಂಡನದು, ಹೆಂಡತಿ ಹೆಸರಿನದು ಹೆಂಡತಿಯದು. ತಾಳಿ ಕಟ್ಟಿದ ಮಾತ್ರಕ್ಕೆ ಯಾರಿಗೂ ಇನ್ನೊಬ್ಬರ ಆಸ್ತಿಯಲ್ಲಿ ಪಾಲು ಹುಟ್ಟುವುದಿಲ್ಲ.

ಈ ಅರ್ಧದ ಮಾತು ಹಬ್ಬಿದ್ದಕ್ಕೆ ಒಂದು ಕಾರಣವೂ ಇದೆ. ಡೈವೋರ್ಸ್ ಸಮಯದಲ್ಲಿ ಗಂಡನ ಆಸ್ತಿಯಿಂದ ಹೆಂಡತಿಗೂ ಮಕ್ಕಳಿಗೂ ಒಂದು ಪಾಲು ಕೊಡಿಸುವ ಮಸೂದೆಯನ್ನು 2013ರಲ್ಲಿ ರಾಜ್ಯಸಭೆ ಪಾಸು ಮಾಡಿತ್ತು. ಪೇಪರಿನಲ್ಲೆಲ್ಲಾ ಬಂತು. ಲೋಕಸಭೆಯಲ್ಲಿ ಅದು ಪಾಸಾಗಲಿಲ್ಲ, ಅವಧಿ ಮುಗಿದು ಬಿದ್ದುಹೋಯಿತು. ಆಗ ಓದಿದ್ದನ್ನೇ ಜನ ಇವತ್ತಿಗೂ ಕಾನೂನು ಅಂದುಕೊಂಡಿದ್ದಾರೆ.

ಹಿಂದೂ ವಿವಾಹ ಕಾಯ್ದೆಯ 27ನೇ ಕಲಮಿನ ಪ್ರಕಾರ, ಮದುವೆ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ಬಗ್ಗೆ ಮಾತ್ರ ಕೋರ್ಟ್ ತೀರ್ಮಾನ ಮಾಡಬಹುದು.

ಹಾಗಾದರೆ ಭಯ ಪಡೋದೇ ಬೇಡವಾ?

ಅಷ್ಟು ಸಲೀಸಿಲ್ಲ. ಪಾಲು ಬೇರೆ, ಜೀವನಾಂಶ ಬೇರೆ. ಜೀವನಾಂಶ ಎಷ್ಟು ಅಂತ ನಿರ್ಧರಿಸುವಾಗ ಕೋರ್ಟ್ ಸಂಬಳದ ಚೀಟಿ ಒಂದನ್ನೇ ನೋಡುವುದಿಲ್ಲ, ಆಸ್ತಿಯನ್ನೂ ನೋಡುತ್ತದೆ. ನೀವು ಮಗನಿಗೆ ಕೊಟ್ಟ ಕುವೆಂಪುನಗರದ ಮನೆಯಿಂದ ತಿಂಗಳಿಗೆ 25,000 ಬಾಡಿಗೆ ಬರುತ್ತಿದೆ ಅಂದುಕೊಳ್ಳಿ. ಮನೆ ಸೊಸೆಗೆ ಹೋಗುವುದಿಲ್ಲ, ಆದರೆ ಆ ಬಾಡಿಗೆ ಮಗನ ಆದಾಯ, ಲೆಕ್ಕಕ್ಕೆ ಬರುತ್ತದೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನ ಪ್ರಕಾರ ಜೀವನಾಂಶಕ್ಕೆ ಭದ್ರತೆಯಾಗಿ ಮಗನ ಸ್ಥಿರಾಸ್ತಿಯ ಮೇಲೆ ಋಣಭಾರ ಹಾಕುವ ಅಧಿಕಾರವೂ ಕೋರ್ಟ್‌ಗೆ ಇದೆ. ಮಗ ದುಡ್ಡು ಕಟ್ಟದಿದ್ದರೆ ಕೊನೆಗೆ ಮನೆಯ ಬುಡಕ್ಕೇ ಬರುತ್ತದೆ.

ಜೀವನಾಂಶ ಹೆಂಗಸರಿಗೆ ಮಾತ್ರ ಅಂತಲೂ ಇಲ್ಲ. ಈ ಕಾಯ್ದೆಯಲ್ಲಿ ಗಂಡನೂ ಕೇಳಬಹುದು. ಮಗಳಿಗೆ ಒಳ್ಳೆ ಆಸ್ತಿ, ಒಳ್ಳೆ ಸಂಬಳ ಇದ್ದು ಅಳಿಯನಿಗೆ ಏನೂ ಇಲ್ಲದಿದ್ದರೆ ಅರ್ಜಿ ಹಾಕಲು ಅವನಿಗೂ ದಾರಿ ಇದೆ.

ನನ್ನ ಹೆಸರಲ್ಲೇ ಇರುವ ಆಸ್ತಿಗೆ ಸೊಸೆ ಕೇಸು ಹಾಕಬಹುದಾ?

ನೀವು ದುಡಿದು ಮಾಡಿದ ಆಸ್ತಿ ನಿಮ್ಮ ಹೆಸರಲ್ಲೇ ಇದ್ದರೆ ನಿಮ್ಮ ಮಗನಿಗೇ ಅದರಲ್ಲಿ ಹಕ್ಕಿಲ್ಲ, ಇನ್ನು ಸೊಸೆಗೆ ಎಲ್ಲಿಂದ ಬರಬೇಕು? ಆದರೆ ವಾಸದ ಹಕ್ಕು ಅಂತ ಒಂದಿದೆ, ಅದನ್ನು ಮರೆಯಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ, ಸೊಸೆ ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅಲ್ಲಿ ಇರಲು ಅವಳು ಆದೇಶ ಕೇಳಬಹುದು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದು ಇರುವ ಹಕ್ಕು ಅಷ್ಟೇ. ಮಾಲೀಕತ್ವ ಬರುವುದಿಲ್ಲ.

ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿನದೇ ಒಂದು ಕೇಸು ತೀರ್ಮಾನವಾಯಿತು. ಗಂಡ ತಾನು ಕೊಂಡಿದ್ದ ಜಾಗವನ್ನು ತನ್ನ ಅಪ್ಪನಿಗೆ ಮಾರಿದ್ದ. ಗಂಡ ಹೆಂಡತಿ ಜಗಳ ಕೋರ್ಟಿನಲ್ಲಿದ್ದಾಗ ಆ ಅಪ್ಪ ಅದನ್ನು ತನ್ನ ಹೆಂಡತಿಗೆ ದಾನ ಮಾಡಿದರು. ಆಮೇಲೆ ಹಿರಿಯ ನಾಗರಿಕರ ಕಾಯ್ದೆ ಹಿಡಿದು ಸೊಸೆಯನ್ನು ಹೊರಗೆ ಹಾಕಿಸಲು ಹೋದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಖಾಲಿ ಮಾಡಿಸುವ ಆದೇಶವನ್ನೇ ರದ್ದು ಮಾಡಿತು. ಎಸಿ (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ ಒಂದು ಅರ್ಜಿ ಕೊಟ್ಟರೆ ಸೊಸೆ ಹೊರಗೆ ಅಂತ ನಂಬಿಸುವವರು ನಮ್ಮ ಕಡೆ ಈಗಲೂ ಇದ್ದಾರೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ನನ್ನ ಸಲಹೆ ಕೇಳಿದರೆ, ಕೈಲಾದವರು ಮಗ ಸೊಸೆಯನ್ನು ಬೇರೆ ಮನೆಯಲ್ಲಿ ಇರಿಸಿ. ಬಾಡಿಗೆ ಮನೆಯಾದರೂ ಪರವಾಗಿಲ್ಲ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ, ಅದಕ್ಕೆ ಕಾನೂನು ಬೇಕಾಗಿಲ್ಲ.

ಪಿತ್ರಾರ್ಜಿತ ಆಸ್ತಿ ಆದರೆ?

ಇಲ್ಲಿ ಜನ ತುಂಬಾ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಓದಿ.

ಮದ್ದೂರು ಕಡೆ ತಾತನ ಕಾಲದಿಂದ ಬಂದ ಮೂರು ಎಕರೆ ಕಬ್ಬಿನ ಗದ್ದೆ ಇದೆ, ಭಾಗ ಆಗಿಲ್ಲ ಅಂದುಕೊಳ್ಳಿ. ಅದರಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ. ಮಗಳಿಗೂ ಇದೆ. 2005ರ ತಿದ್ದುಪಡಿ ಕೊಟ್ಟ ಆ ಹಕ್ಕನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿತು. ಸೊಸೆಗೆ ಹಾಗೆ ಹುಟ್ಟಿನ ಹಕ್ಕು ಇಲ್ಲ. ಆದರೆ ಮಗನಿಗೆ ಹುಟ್ಟಿದ ಮಗುವಿಗೆ ಇದೆ! ಡೈವೋರ್ಸ್ ಆದರೂ ಆ ಮಗು ನಿಮ್ಮ ಮೊಮ್ಮಗುವೇ, ಅದರ ಪಾಲು ಅದಕ್ಕೆ ಸೇರಬೇಕು. ಮಗು ಚಿಕ್ಕದಿದ್ದರೆ ಅದರ ಪರವಾಗಿ ತಾಯಿಯೇ ವಿಭಾಗದ ದಾವೆ ಹಾಕುತ್ತಾಳೆ. ಎಷ್ಟೋ ಜನ ಸೊಸೆಯೇ ಪಾಲು ಕೇಳುತ್ತಿದ್ದಾಳೆ ಅಂತ ಕೂಗಾಡುತ್ತಾರೆ. ದಾವೆ ಪ್ರತಿ ತೆಗೆದು ನೋಡಿದರೆ ವಾದಿ ಮೂರು ವರ್ಷದ ಮಗು. ಅದನ್ನು ತಪ್ಪಿಸುವ ದಾರಿ ಕೇಳಬೇಡಿ, ಅದು ಆ ಮಗುವಿನ ನ್ಯಾಯವಾದ ಪಾಲು.

ಗಾಬರಿಯಲ್ಲಿ ಇಡೀ ಗದ್ದೆಯನ್ನು ಒಬ್ಬನ ಹೆಸರಿಗೆ ದಾನಪತ್ರ ಮಾಡಿಬಿಡುತ್ತೇನೆ ಅಂದರೂ ನಡೆಯುವುದಿಲ್ಲ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಒಟ್ಟು ಕುಟುಂಬದ ಆಸ್ತಿಯನ್ನು ಪ್ರೀತಿ ವಿಶ್ವಾಸದಿಂದ ಕೊಟ್ಟೆ ಅಂತ ಯಜಮಾನ ದಾನ ಮಾಡುವಂತಿಲ್ಲ ಎಂದಿತು.

ಪಿತ್ರಾರ್ಜಿತ ಇದ್ದವರು ಮೊದಲು ಮಾಡಬೇಕಾದ್ದು ನೋಂದಾಯಿತ ವಿಭಾಗ ಪತ್ರ. ಯಾರಿಗೆ ಎಷ್ಟು ಗುಂಟೆ, ಯಾವ ಚೆಕ್ಕುಬಂದಿ, ಸ್ಪಷ್ಟವಾಗಲಿ. ಆಮೇಲೆ ನಿಮ್ಮ ಪಾಲಿಗೆ ನೀವು ವಿಲ್ ಬರೆಯಬಹುದು. ಭಾಗ ಆಗದಿದ್ದರೂ ನಿಮ್ಮ ಪಾಲಿನ ಮಟ್ಟಿಗೆ ವಿಲ್ ಬರೆಯಲು ಕಾನೂನು ಬಿಡುತ್ತದೆ, ಆದರೆ ಆ ಪಾಲು ಎಷ್ಟು ಅಂತ ಹೊಡೆದಾಡುವುದು ನಿಮ್ಮ ಮಕ್ಕಳ ಪಾಲಿಗೆ ಬರುತ್ತದೆ.

ಈಗಲೇ ದಾನಪತ್ರ ಮಾಡಿಕೊಡಲಾ, ಇಲ್ಲ ವಿಲ್ ಬರೆಯಲಾ?

ಡೈವೋರ್ಸ್ ಭಯವೇ ಕಾರಣ ಅಂದರೆ ವಿಲ್. ಎರಡು ಮಾತಿಲ್ಲ. ದಾನಪತ್ರ ನೋಂದಣಿಯಾದ ದಿನದಿಂದ ಆಸ್ತಿ ಮಗನದು, ಅವನ ಆಸ್ತಿಪಟ್ಟಿಯಲ್ಲಿ ತೋರಿಸಬೇಕು. ವಿಲ್ ಆದರೆ ನೀವು ಇರುವ ತನಕ ಅವನ ಕೈಯಲ್ಲಿ ಏನೂ ಇಲ್ಲ, ಮನಸ್ಸು ಬದಲಾದರೆ ನಾಳೆ ಬೇರೆ ಬರೆಯಬಹುದು.

ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ತೀರಾ ಕಮ್ಮಿ, ಶೇಕಡಾ ಲೆಕ್ಕ ಇಲ್ಲ, ನಿಗದಿತ ಸಣ್ಣ ಮೊತ್ತ. ಆ ಆಸೆಗೇ ಜನ ಅವಸರ ಮಾಡುತ್ತಾರೆ. ಆದರೆ ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ನಮ್ಮ ಕಡೆ ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದು ಅಂತ ಕೋರ್ಟಿನಿಂದ ಪ್ರಮಾಣ ಪಡೆಯುವುದು, ಕಡ್ಡಾಯವಿಲ್ಲ.

ದಾನಪತ್ರವನ್ನೇ ಮಾಡುತ್ತೇನೆ ಅನ್ನುವವರು, ನಿಮ್ಮನ್ನು ಕೊನೆತನಕ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ದಾನ ರದ್ದು ಮಾಡಿಸಲು ಆಗ ಆಧಾರ ಇರುತ್ತದೆ. ಈ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿ ಹತ್ತಿರ. ಮಂಡ್ಯ ಜಿಲ್ಲೆಯವರಿಗೆ ಮಂಡ್ಯ ಅಥವಾ ಪಾಂಡವಪುರ, ಮೈಸೂರು ಜಿಲ್ಲೆಯವರಿಗೆ ಮೈಸೂರು ಅಥವಾ ಹುಣಸೂರು.

ಮಗನಿಗೆ ಕೊಟ್ಟರೂ ಅವನು ಮಾರಬಾರದು, ಯಾರಿಗೂ ಹೋಗಬಾರದು. ಹಾಗೆ ಬರೆಯಬಹುದಾ?

ಪೂರ್ತಿ ಹಕ್ಕು ಕೊಟ್ಟು ಆಮೇಲೆ ಯಾವತ್ತೂ ಮಾರಬಾರದು ಅಂದರೆ ಆ ಷರತ್ತು ನಿಲ್ಲುವುದಿಲ್ಲ. ಕೊಡುವುದನ್ನೇ ಕಡಿಮೆ ಕೊಡಬೇಕು. ಜೀವಿತಾವಧಿ ಹಕ್ಕು ಅನ್ನುತ್ತಾರಲ್ಲ, ಅದು. ವಿಲ್‌ನಲ್ಲಿ ಹೆಚ್ಚುಕಮ್ಮಿ ಹೀಗೆ ಬರೆಯುತ್ತೇವೆ:

"ನನ್ನ ಸ್ವಯಾರ್ಜಿತವಾದ ಸದರಿ ಮನೆಯಲ್ಲಿ ವಾಸ ಮಾಡುವ ಮತ್ತು ಅದರ ಬಾಡಿಗೆ ಅನುಭವಿಸುವ ಹಕ್ಕು ನನ್ನ ಮಗನಿಗೆ ಅವನ ಜೀವಿತಕಾಲದವರೆಗೆ ಮಾತ್ರ ಇರತಕ್ಕದ್ದು. ಸದರಿ ಸ್ವತ್ತನ್ನು ಕ್ರಯ, ದಾನ, ಆಧಾರ (ಅಡಮಾನ) ಮಾಡುವ ಹಕ್ಕು ಅವನಿಗೆ ಇರುವುದಿಲ್ಲ. ಅವನ ಕಾಲಾನಂತರ ಸದರಿ ಸ್ವತ್ತು ಅವನ ಮಕ್ಕಳಿಗೆ ಸಮಭಾಗವಾಗಿ ಸೇರತಕ್ಕದ್ದು."

ಹೀಗಿದ್ದರೆ ಮನೆಯನ್ನು ಅವನೂ ಕಳೆಯಲಾರ, ಅವನಿಂದ ಬೇರೆಯವರೂ ಕೀಳಲಾರರು. ಬಾಡಿಗೆ ಮಾತ್ರ ಅವನ ಆದಾಯವೇ. ಆದರೆ ಯೋಚನೆ ಮಾಡಿ. ನಾಳೆ ಮಗನಿಗೆ ದೊಡ್ಡ ಆಪರೇಷನ್ ಆಗಬೇಕು, ಮೊಮ್ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದೆ, ಆಗ ಆ ಮನೆ ಮೇಲೆ ಒಂದು ರೂಪಾಯಿ ಸಾಲ ಹುಟ್ಟುವುದಿಲ್ಲ. ಆಗದೇ ಇರಬಹುದಾದ ಡೈವೋರ್ಸ್‌ಗೆ ಹೆದರಿ ಚೆನ್ನಾಗಿರುವ ಸಂಸಾರದ ಕೈ ಕಟ್ಟಿಹಾಕುತ್ತೀರಾ? ಎರಡು ಮೂರು ಆಸ್ತಿ ಇದ್ದವರು ಒಂದಕ್ಕೆ ಮಾತ್ರ ಹೀಗೆ ಮಾಡಿ ಅಂತ ನಾನು ಹೇಳುತ್ತೇನೆ. ಹೆಣ್ಣುಮಕ್ಕಳಿಗೆ ಇಂಥ ಸೀಮಿತ ಹಕ್ಕು ಬರೆಯುವಾಗ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಅಡ್ಡ ಬರಬಹುದು, ಕೆಲವು ಸಂದರ್ಭದಲ್ಲಿ ಸೀಮಿತ ಹಕ್ಕೇ ಪೂರ್ತಿ ಹಕ್ಕಾಗಿಬಿಡುತ್ತದೆ, ಅದನ್ನು ವಕೀಲರೇ ನೋಡಿ ಬರೆಯಲಿ.

ಟ್ರಸ್ಟ್ ಮಾಡಿದರೆ ಒಳ್ಳೆಯದಂತೆ?

ಮೈಸೂರಿನಲ್ಲಿ ನಾಲ್ಕು ಕಮರ್ಷಿಯಲ್ ಕಟ್ಟಡ ಇದ್ದು, ಮಕ್ಕಳು ಮೂರು ದೇಶದಲ್ಲಿದ್ದರೆ ಮಾಡಿ. 1882ರ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಿ, ಯಾರಿಗೆ ಎಷ್ಟು ಯಾವಾಗ ಅನ್ನುವುದನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟರೆ ಮಗನ ಕೈಯಲ್ಲಿ ಇಂತಿಷ್ಟು ಅನ್ನುವ ಪಾಲು ಇರುವುದಿಲ್ಲ. ಆದರೆ ಮಗನೇ ಒಬ್ಬನೇ ಟ್ರಸ್ಟಿ, ಅವನೇ ಫಲಾನುಭವಿ ಅಂತ ಮಾಡಿದರೆ ಯಾವ ಕೋರ್ಟೂ ನಂಬುವುದಿಲ್ಲ. ಇಂಥ ಟ್ರಸ್ಟ್‌ಗೆ ಸಾಮಾನ್ಯವಾಗಿ ಗರಿಷ್ಠ ದರದ ಆದಾಯ ತೆರಿಗೆ ಬೀಳುತ್ತದೆ, ವರ್ಷಾ ವರ್ಷ ಆಡಿಟರ್ ಖರ್ಚು ಬೇರೆ. ಒಂದು ಮನೆ, ಎರಡು ಎಕರೆ ಗದ್ದೆ ಇರುವವರಿಗೆ ಇದು ಬೇಡ.

ಮದುವೆಗೆ ಮುಂಚೆ ಸೊಸೆ ಹತ್ತಿರ ಬಾಂಡ್ ಪೇಪರ್ ಮೇಲೆ ಬರೆಸಿಕೊಂಡರೆ?

ಆ ಕಾಗದಕ್ಕೆ ಬೆಲೆ ಇಲ್ಲ. ಜೀವನಾಂಶ ಕೇಳುವುದಿಲ್ಲ ಅಂತ ಮುಂಚಿತವಾಗಿ ಬರೆಸಿಕೊಂಡರೂ ಕೋರ್ಟ್ ಆ ಹಕ್ಕನ್ನು ತಳ್ಳಿಹಾಕುವುದಿಲ್ಲ. ಮುಂದೆಂದೋ ವಾರಸಾಗಿ ಬರಬಹುದಾದದ್ದನ್ನು ಈಗಲೇ ಬಿಟ್ಟುಕೊಟ್ಟೆ ಅನ್ನುವುದೂ ನಿಲ್ಲುವುದಿಲ್ಲ. ಮೇಲಾಗಿ ಛತ್ರ ಬುಕ್ ಆಗಿ, ಲಗ್ನಪತ್ರಿಕೆ ಹಂಚಿದ ಮೇಲೆ ಬೀಗರ ಮುಂದೆ ಬಾಂಡ್ ಪೇಪರ್ ಇಟ್ಟರೆ ಏನಾಗುತ್ತೆ ಅಂತ ನಾನು ಹೇಳಬೇಕಾ?

ಒಪ್ಪಂದಕ್ಕೆ ನಿಜವಾದ ಬೆಲೆ ಬರುವುದು ಪರಸ್ಪರ ಒಪ್ಪಿ ಡೈವೋರ್ಸ್ ತೆಗೆದುಕೊಳ್ಳುವಾಗ. ಆಗ ಇಷ್ಟು ಮೊತ್ತ, ಇನ್ನು ಮುಂದೆ ಪರಸ್ಪರ ಯಾವ ಹಕ್ಕೂ ಇಲ್ಲ ಅಂತ ಬರೆದು ಕೋರ್ಟ್ ಮುಂದೆ ಒಪ್ಪಿಸಬಹುದು. ಮಗುವಿನ ಖರ್ಚನ್ನು ಮಾತ್ರ ಹಾಗೆ ಬಿಡಿಸಿಕೊಳ್ಳಲು ಆಗದು.

ಕೊಟ್ಟ ಮೇಲೆ ಮಗ ಏನು ಎಚ್ಚರಿಕೆ ತೆಗೆದುಕೊಳ್ಳಬೇಕು?

ಬೆರೆಸಬಾರದು. ನಾನು ಕಂಡ ಹಾಗೆ ಆಸ್ತಿ ಕೈಬಿಟ್ಟು ಹೋಗುವುದು ಇಲ್ಲಿಂದಲೇ ಜಾಸ್ತಿ.

ಹೇಗೆ ಅಂತ ನೋಡಿ. ಅಪ್ಪನ ಕಾಲಾನಂತರ ಪೌತಿ ಖಾತೆ ಆಯಿತು, ಪಹಣಿ ಮಗನ ಹೆಸರಿಗೆ ಬಂತು. ಕಬ್ಬಿನ ಬಿಲ್ಲು ಬರುವ ಖಾತೆ ಗಂಡ ಹೆಂಡತಿ ಜಂಟಿ ಖಾತೆ. ಸೊಸೆಯ ಸಂಬಳವೂ ಅದಕ್ಕೇ. ಅಲ್ಲಿಂದಲೇ ಮನೆ ಖರ್ಚು, ಸ್ಕೂಲ್ ಫೀಸು, ಚೀಟಿ ಕಂತು. ಎಂಟು ವರ್ಷ ಆದ ಮೇಲೆ ಸ್ವಲ್ಪ ಗದ್ದೆ ಮಾರಿ ಆ ದುಡ್ಡನ್ನೂ ಅದೇ ಖಾತೆಗೆ ಹಾಕಿ, ಮೇಲೆ ಲೋನ್ ತೆಗೆದು, ವಿಜಯನಗರದಲ್ಲಿ ಇಬ್ಬರ ಹೆಸರಿಗೆ ಒಂದು ಸೈಟು ತೆಗೆದರು. ಈಗ ಅದರಲ್ಲಿ ಅಪ್ಪನ ದುಡ್ಡು ಎಷ್ಟು, ಸೊಸೆಯ ದುಡ್ಡು ಎಷ್ಟು? ಇಬ್ಬರೂ ಎಷ್ಟೆಷ್ಟು ಹಾಕಿದರು ಅನ್ನುವ ದಾಖಲೆ ಇಲ್ಲದಿದ್ದರೆ ಜಂಟಿ ಹೆಸರಿನ ಆಸ್ತಿಯನ್ನು ಸಮಪಾಲು ಅಂತಲೇ ಎಣಿಸುತ್ತಾರೆ. ಇಲ್ಲಿ ಸೊಸೆ ಕೇಳುವುದು ತಪ್ಪೂ ಅಲ್ಲ, ಅವಳ ಸಂಬಳವೂ ಹೋಗಿದೆಯಲ್ಲ.

ಹಾಗಾಗಿ ವಾರಸಾಗಿ ಬಂದದ್ದಕ್ಕೆ ಬೇರೆ ಬ್ಯಾಂಕ್ ಖಾತೆ ಇರಲಿ. ಬಾಡಿಗೆ, ಕಬ್ಬಿನ ದುಡ್ಡು, ಎಫ್‌ಡಿ ಬಡ್ಡಿ ಎಲ್ಲಾ ಅಲ್ಲಿಗೇ. ಅದನ್ನು ಮಾರಿ ಬೇರೆ ಕೊಂಡರೆ ಕ್ರಯಪತ್ರದಲ್ಲಿ ಹಣ ಎಲ್ಲಿಂದ ಬಂತು ಅಂತ ಒಂದು ಸಾಲು ಬರೆಸಿ. ಹೋಂ ಲೋನ್‌ಗೆ ಹೆಂಡತಿ ಸಹ ಅರ್ಜಿದಾರಳಾದ ಮಾತ್ರಕ್ಕೆ ಕ್ರಯಪತ್ರದಲ್ಲೂ ಹೆಸರು ಇರಲೇಬೇಕು ಅಂತಿಲ್ಲ. ಆದರೆ ಕಂತು ಅವಳೂ ಕಟ್ಟುತ್ತಿದ್ದರೆ ಅವಳ ಹೆಸರು ಇರಬೇಕಾದ್ದೇ ನ್ಯಾಯ.

ಇನ್ನೊಂದು ವಿಷಯ. ತೆರಿಗೆ ಉಳಿಯುತ್ತೆ ಅಂತ ಆಸ್ತಿಯನ್ನು ಸೊಸೆ ಹೆಸರಿಗೆ ದಾನ ಮಾಡುವವರಿದ್ದಾರೆ. ಮಾವ ಸೊಸೆಗೆ ಕೊಟ್ಟ ಆಸ್ತಿಯ ಆದಾಯ ಮತ್ತೆ ಮಾವನ ಲೆಕ್ಕಕ್ಕೇ ಸೇರುತ್ತದೆ. ತೆರಿಗೆಯೂ ಉಳಿಯಲ್ಲ, ಆಸ್ತಿಯೂ ಅವಳದಾಯಿತು.

ನಮ್ಮದು ಮಗಳು. ಅಳಿಯನ ಕೈಗೆ ಹೋಗದ ಹಾಗೆ ಹೇಗೆ ಮಾಡೋದು?

ಪತ್ರದಲ್ಲಿ ಮಗಳ ಹೆಸರೊಂದೇ ಇರಲಿ. ಅಳಿಯನಿಗೆ ಬೇಜಾರಾಗುತ್ತೆ ಅಂತ ಇಬ್ಬರ ಹೆಸರು ಹಾಕಿಸಬೇಡಿ. ಮಗಳಿಗೆ ಕೊಟ್ಟ ಒಡವೆ ಸ್ತ್ರೀಧನ, ಅವಳೊಬ್ಬಳದೇ. 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೊಟ್ಟಿದ್ದೀವಿ ಅಂತ ತೋರಿಸಬೇಕಲ್ಲ? ಬಿಲ್ಲು ಅವಳ ಹೆಸರಲ್ಲಿ ಮಾಡಿಸಿ, ಫೋಟೋ ಇಟ್ಟುಕೊಳ್ಳಿ, ಲಾಕರ್ ಅತ್ತೆ ಹೆಸರಲ್ಲಿ ಬೇಡ. ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿಸಬೇಕು ಅಂತ ವರದಕ್ಷಿಣೆ ನಿಷೇಧದ 1985ರ ನಿಯಮಗಳಲ್ಲೇ ಇದೆ, ಯಾರೂ ಮಾಡುವುದಿಲ್ಲ ಅಷ್ಟೇ.

ಮಕ್ಕಳಿಲ್ಲದ ಮಗಳು ವಿಲ್ ಬರೆಯದೆ ತೀರಿಕೊಂಡರೆ, ಅಪ್ಪ ಅಮ್ಮನಿಂದ ವಾರಸಾಗಿ ಬಂದ ಆಸ್ತಿ ಗಂಡನಿಗೆ ಹೋಗುವುದಿಲ್ಲ, ಅಪ್ಪನ ವಾರಸುದಾರರಿಗೆ ವಾಪಸ್ ಬರುತ್ತದೆ. ಉತ್ತರಾಧಿಕಾರ ಕಾಯ್ದೆಯ 15ನೇ ಕಲಮು. ಮಕ್ಕಳಿದ್ದರೆ ಈ ನಿಯಮ ಇಲ್ಲ, ಮಕ್ಕಳ ಜೊತೆ ಗಂಡನೂ ವಾರಸುದಾರ. ನಿಯಮ ಇರುವುದು ವಾರಸಾಗಿ ಬಂದದ್ದಕ್ಕೆ, ದಾನಪತ್ರದಲ್ಲಿ ಕೊಟ್ಟದ್ದಕ್ಕೆ ಇದನ್ನು ನಂಬಿ ಕೂರಬೇಡಿ. ಮಗಳ ಕೈಯಲ್ಲೇ ಒಂದು ವಿಲ್ ಬರೆಸಿಡಿ. ಮೂವತ್ತು ವರ್ಷಕ್ಕೆ ವಿಲ್ ಬರೆದರೆ ಅಪಶಕುನ ಏನಲ್ಲ.

ಮಗ ಫಾರಿನ್‌ನಲ್ಲಿದ್ದಾನೆ. ಅಲ್ಲೇ ಡೈವೋರ್ಸ್ ಆದರೆ?

ಅಲ್ಲಿನ ಕಾನೂನು ನಡೆಯುತ್ತದೆ, ಅದಕ್ಕೇ ಇದು ಬೇರೆ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾದ ಮೇಲೆ ದುಡಿದದ್ದು ಇಬ್ಬರದು, ಆದರೆ ಅಪ್ಪ ಅಮ್ಮನ ಕಡೆಯಿಂದ ವಾರಸಾಗಿ ಅಥವಾ ಉಡುಗೊರೆಯಾಗಿ ಬಂದದ್ದು ಪಡೆದವರದೇ, ಬೆರೆಸದಿದ್ದರೆ. ಇಂಗ್ಲೆಂಡಿನ ಸುಪ್ರೀಂ ಕೋರ್ಟ್ ಕೂಡ 2025ರಲ್ಲಿ ಇಂಥ ಆಸ್ತಿಯನ್ನು ಹಂಚಿಕೆಯ ಲೆಕ್ಕಕ್ಕೆ ತರುವಂತಿಲ್ಲ ಅಂದಿತು, ಆದರೆ ಹೆಂಡತಿ ಮಕ್ಕಳ ಅಗತ್ಯಕ್ಕೆ ಸಾಲದಿದ್ದರೆ ಅಲ್ಲಿನ ಜಡ್ಜು ಅದನ್ನೂ ಮುಟ್ಟಬಹುದು. ಮದುವೆಗೆ ಮುಂಚಿನ ಒಪ್ಪಂದಕ್ಕೆ ಅಲ್ಲೆಲ್ಲಾ ಬೆಲೆ ಇದೆ, ಅಲ್ಲಿನ ವಕೀಲರಿಂದಲೇ ಮಾಡಿಸಬೇಕು.

ಗದ್ದೆ ಇರುವವರು ಇದನ್ನು ಗಮನಿಸಿ: ಅನಿವಾಸಿ ಭಾರತೀಯರು ಕೃಷಿ ಜಮೀನನ್ನು ದಾನವಾಗಿ ತೆಗೆದುಕೊಳ್ಳುವಂತಿಲ್ಲ, ವಾರಸಾಗಿ ಪಡೆಯಬಹುದು. ನಾಲೆ ಬಯಲಿನ ಗದ್ದೆಯನ್ನು ಅಮೆರಿಕದ ಮಗನಿಗೆ ಕೊಡಬೇಕು ಅಂದರೆ ವಿಲ್ ಒಂದೇ ದಾರಿ.

ಕೇಸು ಆಗಲೇ ಶುರುವಾಗಿದೆ. ಮಗನ ಆಸ್ತಿಯನ್ನು ಈಗ ತಮ್ಮನ ಹೆಸರಿಗೆ ಮಾಡಿಬಿಡಲಾ?

ಬೇಡ. 2020ರಿಂದ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಲೇಬೇಕು. ಸುಳ್ಳು ಬರೆದರೆ ಅದಕ್ಕೇ ಬೇರೆ ಕ್ರಮ. ಕೇಸು ಹಾಕಿದ ಮರುತಿಂಗಳು ತಮ್ಮನಿಗೆ ದಾನಪತ್ರ ಆಗಿದ್ದು ಒಂದು ಇಸಿ (ಆಸ್ತಿಯ ವಹಿವಾಟು, ಋಣಭಾರ ತೋರಿಸುವ ಪತ್ರ) ತೆಗೆದರೆ ಗೊತ್ತಾಗುತ್ತದೆ, ಅದನ್ನು ತೆಗೆಯಲು ಈಗ ಆಫೀಸಿಗೂ ಹೋಗಬೇಕಿಲ್ಲ. ದಾನವಾಗಿ ಪಡೆದವರ ಮೇಲೂ ಜೀವನಾಂಶದ ಹಕ್ಕು ಚಲಾಯಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಕಲಮಿನಲ್ಲಿ ದಾರಿ ಇದೆ. ಹೀಗೆ ಮಾಡಿದವನ ಯಾವ ಮಾತನ್ನೂ ಆಮೇಲೆ ಜಡ್ಜು ನಂಬುವುದಿಲ್ಲ, ತಮ್ಮ ವಾಪಸ್ ಬರೆದುಕೊಡುತ್ತಾನೆ ಅನ್ನುವ ಗ್ಯಾರಂಟಿಯೂ ಇಲ್ಲ.

ಆದರೆ ನಿಮ್ಮ ಹೆಸರಿನ ಸ್ವಯಾರ್ಜಿತಕ್ಕೆ ನಿಮ್ಮ ವಿಲ್ ಬದಲಾಯಿಸಲು ಈಗಲೂ ಯಾರ ಅಡ್ಡಿಯೂ ಇಲ್ಲ. ಅದನ್ನು ತಡ ಮಾಡಬೇಡಿ.

ನಾವು ಮುಸ್ಲಿಮರು, ಕ್ರೈಸ್ತರು. ನಮಗೆ?

ಮುಸ್ಲಿಮರಲ್ಲಿ ಗಂಡ ಹೆಂಡತಿ ಆಸ್ತಿ ಬೇರೆ ಬೇರೆಯೇ, ನಿಕಾಹ್‌ನಾಮಾದಲ್ಲಿ ಷರತ್ತು ಬರೆಸುವ ಪದ್ಧತಿಯೂ ಇದೆ. ವಿಲ್ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕೆ ಮಾತ್ರ. ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಬರೆದ ವಿಲ್ ಮದುವೆಯಾದ ಕೂಡಲೇ ರದ್ದಾಗುತ್ತದೆ, ಮತ್ತೆ ಬರೆಯಬೇಕು. ಮಗ ಬೇರೆ ಧರ್ಮದ ಹುಡುಗಿಯನ್ನು ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಿದ್ದರೆ ಅವನ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ.

ಡೈವೋರ್ಸ್ ಅರ್ಜಿ ಹಾಕಿದ ಮೇಲೆ, ಆಮೇಲೆ ಡಿಕ್ರಿ ಆದ ಮೇಲೆ, ಏನೇನು ಬದಲಾಯಿಸಬೇಕು?

ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಡೈವೋರ್ಸ್ ಆದೇಶ, ಆಗುವ ತನಕ ಹೆಂಡತಿ ಹೆಂಡತಿಯೇ, ಗಂಡ ಗಂಡನೇ. ನಡುವೆ ಮಗ ವಿಲ್ ಇಲ್ಲದೆ ತೀರಿಕೊಂಡರೆ, ಹತ್ತು ವರ್ಷದಿಂದ ಬೇರೆ ಇದ್ದರೂ ಹೆಂಡತಿ ಮೊದಲ ದರ್ಜೆ ವಾರಸುದಾರಳು. ಡಿಕ್ರಿ ಆದ ಮೇಲೆ ಅಲ್ಲ. ಮಕ್ಕಳು ಯಾವತ್ತೂ ವಾರಸುದಾರರೇ. ಆದ್ದರಿಂದ ಅರ್ಜಿ ಹಾಕಿದ ವಾರವೇ ಮಗನಿಂದ ವಿಲ್ ಮಾಡಿಸಿ.

ಡೈವೋರ್ಸ್ ಆದ ಮಾತ್ರಕ್ಕೆ ಹಳೆಯ ವಿಲ್ ತಾನಾಗಿ ರದ್ದಾಗುವುದಿಲ್ಲ, ಹಳೆಯ ನಾಮಿನಿಯೂ ತಾನಾಗಿ ಬದಲಾಗುವುದಿಲ್ಲ. ನಾಮಿನಿ ಅಂದರೆ ಸಾಮಾನ್ಯವಾಗಿ ಹಣ ಕೈಗೆ ಪಡೆಯುವವರು, ಮಾಲೀಕರಲ್ಲ. ಆದರೆ ಹಣ ಒಮ್ಮೆ ಅವರ ಕೈ ಸೇರಿದ ಮೇಲೆ ವಾಪಸ್ ಕೇಳಲು ಕೋರ್ಟಿಗೇ ಅಲೆಯಬೇಕು. ಇನ್ಶೂರೆನ್ಸ್ ಪಾಲಿಸಿ, ಪಿಎಫ್, ಎಫ್‌ಡಿ, ಡಿಮ್ಯಾಟ್, ಲಾಕರ್ ಒಂದೊಂದಾಗಿ ಹೋಗಿ ಬದಲಾಯಿಸಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು. ಜಂಟಿ ಖಾತೆ ಮುಚ್ಚಿಸಿ, ಸಹಿ ಮಾಡಿಟ್ಟ ಚೆಕ್ ಲೀಫ್ ಇದ್ದರೆ ವಾಪಸ್ ತೆಗೆದುಕೊಳ್ಳಿ. ಒಪ್ಪಂದದಲ್ಲಿ ಯಾವುದಾದರೂ ಸೈಟು ಬಿಟ್ಟುಕೊಟ್ಟಿದ್ದರೆ ಅದರ ಪತ್ರ ನೋಂದಣಿ ಮಾಡಿಸಿ, ಖಾತೆ ಬದಲಾಯಿಸುವ ಅರ್ಜಿಯನ್ನೂ ಅದೇ ವಾರ ಕೊಟ್ಟುಬಿಡಿ.